ಮುಸುಕಿನ ಜೋಳದ ಋಣ

ಊಟದ ವಿಷಯದಲ್ಲಿ ಮನುಷ್ಯನು ಎರಡು ಲೆಕ್ಕಗಳನ್ನು ಇಡಬಹುದು. ಯಾವುದನ್ನು ತಿನ್ನತಕ್ಕದ್ದಲ್ಲ ಎಂಬುದು ಒಂದು. ತಿಂದದ್ದು ಯಾರಿಂದ ಬಂತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಚಾರವೆಂದು ಹೆಸರು, ಎರಡನೆಯದಕ್ಕೆ ಋಣವೆಂದು. ಆಚಾರದ ಪುಸ್ತಕವನ್ನು ನಾವು ಬಲು ಎಚ್ಚರಿಕೆಯಿಂದ ಬರೆದಿಟ್ಟಿದ್ದೇವೆ. ಏಕಾದಶಿಗೆ ಇಂಥದು, ಚಾತುರ್ಮಾಸ್ಯಕ್ಕೆ ಇಂಥದು, ಶ್ರಾದ್ಧಕ್ಕೆ ಇಂಥದು ಎಂದು ಪುಟ ಪುಟವೂ ತುಂಬಿದೆ. ಋಣದ ಪುಸ್ತಕದಲ್ಲಿ ಉಪ್ಪಿನ ಋಣ, ಅನ್ನದ ಋಣ ಎಂಬ ತಲೆಬರಹಗಳೇನೋ ಇವೆ. ಅವುಗಳ ಕೆಳಗೆ ಬರೆದಿರುವುದು ಬಹಳ ಸ್ವಲ್ಪ. ಬಡಿಸಿದ ಕೈ ಕಣ್ಣಿಗೆ ಕಂಡರೆ ನೆನೆಯುತ್ತೇವೆ. ಕಾಣದ ಕೈಯ ಮಾತೇನು? ದೂರದೇಶದ, ಹೆಸರು ಉಳಿಯದ, ಸತ್ತು ಸಾವಿರಾರು ವರ್ಷಗಳಾದ ಜನಕ್ಕೂ ನಮಗೂ ನಡುವೆ ಅನ್ನದ ಋಣವೊಂದು ಇರುವುದು ಸಾಧ್ಯವೆ? ಇದ್ದರೆ ಅದನ್ನು ತೀರಿಸುವ ಬಗೆ ಯಾವುದು?

ಪ್ರಶ್ನೆ ದೊಡ್ಡದು. ನನ್ನ ಮುಂದೆ ಅದು ಬಂದದ್ದು ಮಾತ್ರ ಒಂದು ರಾತ್ರಿಯ ಊಟದ ರೂಪದಲ್ಲಿ.

ಹುಣಸೂರಿಗೆ ಸಮೀಪದಲ್ಲಿ, ಲಕ್ಷ್ಮಣತೀರ್ಥ ನದಿಯ ಬದಿಗೆ, ಕಟ್ಟೆಮಳಲವಾಡಿ ಎಂಬ ಊರಿದೆ. ಹೊಳೆಗೆ ಹಾಕಿದ ಅಣೆಕಟ್ಟೆ ಒಂದು, ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಒಂದು, ಈ ಎರಡರಿಂದ ಅದು ಹೊರಗಿನವರಿಗೆ ಗೊತ್ತು. ನನ್ನ ಅಕ್ಕನ ಮನೆ ಅಲ್ಲಿ. ಅಕ್ಕನ ಮೊಮ್ಮಗಳು ಅಮೆರಿಕದ ಟೆಕ್ಸಾಸಿನಲ್ಲಿ ಕೆಲಸದಲ್ಲಿರುವವಳು, ರಜಕ್ಕೆ ಬಂದಿದ್ದಾಗ ಒಂದು ಸಂಜೆ ಮೆಕ್ಸಿಕೋ ದೇಶದ ಅಡಿಗೆ ಮಾಡುತ್ತೇನೆಂದು ಸೊಂಟ ಕಟ್ಟಿದಳು. ಮುಸುಕಿನ ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಹಾಸುವುದು, ನಡುನಡುವೆ ಬೇಯಿಸಿದ ರಾಜ್ಮಾ ಕಾಳು, ಸಿಹಿಗುಂಬಳದ ಹೋಳು, ಟೊಮೇಟೊ ಮತ್ತು ಒಣಮೆಣಸಿನಕಾಯಿಯ ಗೊಜ್ಜು, ಮೇಲೆ ಚೀಸು, ಎಲ್ಲವನ್ನೂ ಒಟ್ಟಿಗೆ ಓವನ್ನಿನಲ್ಲಿಟ್ಟು ಬೇಯಿಸುವುದು. ಇದಕ್ಕೆ ಎಂಚಿಲಾಡ ಎಂದು ಹೆಸರು; ಸ್ಪ್ಯಾನಿಷ್ ಭಾಷೆಯಲ್ಲಿ ‘ಮೆಣಸಿನಕಾಯಿ ಹಚ್ಚಿದ್ದು’ ಎಂದಷ್ಟೆ ಅರ್ಥ. ಪದರ ಪದರವಾಗಿ ಹಾಸಿ ಓವನ್ನಿನಲ್ಲಿ ಇಡುವ ರೂಢಿ ಹೆಚ್ಚಾಗಿ ಬೆಳೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದ ಮನೆಗಳಲ್ಲಿ. ಅಲ್ಲಿಗೆ ಹೋದ ನಮ್ಮ ಶಾಕಾಹಾರಿಗಳಿಗೆ ಮೆಕ್ಸಿಕೋದವರ ಅಂಗಡಿ ಒಂದು ಆಸರೆ: ರೊಟ್ಟಿ, ಕಾಳು, ಅನ್ನ, ಖಾರ ಎಲ್ಲವೂ ಅಲ್ಲಿ ಸಿಕ್ಕುತ್ತವೆ. ಕಾಳನ್ನು ಹಂದಿಯ ಕೊಬ್ಬಿನಲ್ಲಿ ಹುರಿದಿಲ್ಲ ತಾನೆ ಎಂದು ಕೇಳಿಕೊಂಡು ಕುಳಿತರೆ ಸರಿ. ಅಲ್ಲಿ ಕಲಿತದ್ದನ್ನು ಹುಡುಗಿ ಅಜ್ಜಿಯ ಮನೆಗೆ ತಂದಿದ್ದಳು.

ಅಕ್ಕ ಎಲ್ಲವನ್ನೂ ವಿಚಾರಿಸಿಕೊಂಡಳು. ಮೂಲದಲ್ಲಿ ಇದರೊಳಗೆ ಕೋಳಿಯನ್ನೋ ದನದ ಮಾಂಸವನ್ನೋ ಹಾಕುವುದುಂಟೆಂದು ತಿಳಿದ ಮೇಲೆ ಕೇಳಿದಳು: “ಅಲ್ಲ ಕಣೇ, ಮಾಂಸ ಹಾಕೋ ಅಡಿಗೇನ ಮಾಂಸ ಹಾಕದೆ ಮಾಡಿ ಅದೇ ಹೆಸರು ಇಟ್ಟರೆ ಅದು ಯಾರಿಗೆ ಮಾಡಿದ ಮೋಸ? ನಮಗೋ, ಅವರಿಗೋ?”

“ಯಾರಿಗೂ ಇಲ್ಲ ಬಿಡಿ ಅಜ್ಜಿ,” ಎಂದು ಹುಡುಗಿ ನಕ್ಕಳು. ಆದರೆ ಪ್ರಶ್ನೆ ನಕ್ಕು ಬಿಡುವಂಥದಲ್ಲ. ಕಟ್ಟೆಮಳಲವಾಡಿಯಲ್ಲಿ ಮಾಂಸ ತಿನ್ನುವ ಮನೆಗಳೂ ಬೇಕಾದಷ್ಟಿವೆ. ಅವರಲ್ಲಿಯೂ ಸೋಮವಾರ, ಶನಿವಾರ, ಶ್ರಾವಣ ಎಂದು ಬಿಡುವವರುಂಟು. ಬಿಡುವುದೆಂದರೆ ಏನು, ಬಿಟ್ಟ ಮೇಲೆ ಉಳಿದದ್ದು ಯಾರದು ಎಂಬ ಯೋಚನೆ ಒಂದು ಜಾತಿಯವರ ಸೊತ್ತಲ್ಲ.

ಮೋಸದ ಮಾತನ್ನು ಮೊದಲು ನೋಡೋಣ. ಸ್ಪೇನಿನ ಕೊರ್ತೆಸ್ ಮೆಕ್ಸಿಕೋದ ತೀರಕ್ಕೆ ಇಳಿದದ್ದು ೧೫೧೯ರಲ್ಲಿ. ಅಜ್ಟೆಕರ ರಾಜಧಾನಿ ತೆನೋಚ್‌ತಿತ್‌ಲಾನ್ ಬಿದ್ದದ್ದು ೧೫೨೧ರ ಆಗಸ್ಟಿನಲ್ಲಿ. ಅದಕ್ಕೆ ಮುಂಚೆ ಆ ನೆಲದಲ್ಲಿ ದನವಿರಲಿಲ್ಲ, ಹಂದಿಯಿರಲಿಲ್ಲ, ಕುರಿ ಮೇಕೆಗಳಿರಲಿಲ್ಲ. ಆದ್ದರಿಂದ ಹಾಲಿಲ್ಲ, ಚೀಸಿಲ್ಲ, ಕೊಬ್ಬಿನಲ್ಲಿ ಕರಿಯುವುದೂ ಇಲ್ಲ. ಅವರು ಶಾಕಾಹಾರಿಗಳೆಂದು ಹೇಳಿದರೆ ಸುಳ್ಳಾದೀತು. ಟರ್ಕಿ ಕೋಳಿ, ನಾಯಿ, ಮೀನು, ಬೇಟೆಯ ಪ್ರಾಣಿ, ಹುಳುಹುಪ್ಪಟೆ ಎಲ್ಲವೂ ಅವರ ಊಟದಲ್ಲಿ ಇದ್ದುವು. ಆದರೆ ಬಡ ಒಕ್ಕಲಿನ ದಿನದ ಊಟ ಜೋಳ, ಕಾಳು, ಕುಂಬಳ, ಮೆಣಸಿನಕಾಯಿ. ಮಾಂಸ ಹಬ್ಬದ ಮಾತು. ಹಾಗಾದರೆ ಮಾಂಸವನ್ನು ತೆಗೆದ ಹುಡುಗಿ ಅಡಿಗೆಯನ್ನು ಅದರ ಹಳೆಯ ಬುಡಕ್ಕೆ ಇನ್ನಷ್ಟು ಹತ್ತಿರ ತಂದಳೆಂದೇ ಹೇಳಬೇಕು. ಅವಳ ತಟ್ಟೆಯಲ್ಲಿ ಪರಕೀಯವಾಗಿ ಉಳಿದದ್ದು ಚೀಸು ಒಂದೇ. ಅದು ಸ್ಪೇನಿನವರ ಹಸುವಿನ ಹಿಂದೆ ಬಂದದ್ದು.

ಅಕ್ಕನಿಗೆ ಇದನ್ನು ಹೇಳಿದಾಗ ಅವಳಿಗೆ ಹೆಚ್ಚು ಆಶ್ಚರ್ಯ ತಂದದ್ದು ಬೇರೆ ಸಂಗತಿ. ಮೆಣಸಿನಕಾಯಿ, ಟೊಮೇಟೊ, ಹುರುಳಿಕಾಯಿ, ಸಿಹಿಗುಂಬಳ, ಸೀಮೆಬದನೆ, ಸೀಬೆ, ಸಪೋಟ, ಪರಂಗಿ, ಆಯುಧಪೂಜೆಯ ದಿನ ಬಾಗಿಲಿಗೆ ಕಟ್ಟುವ ಚೆಂಡುಹೂವು, ಹೊಲದ ಬೇಲಿಯ ಕತ್ತಾಳೆ: ಇವೆಲ್ಲ ಅಮೆರಿಕ ಖಂಡದಿಂದ ಬಂದವು, ಬಹುಪಾಲು ಮೆಕ್ಸಿಕೋ ಮತ್ತು ಅದರ ನೆರೆಯ ಸೀಮೆಯವು. ಟೊಮೇಟೊ, ಸಪೋಟ ಎಂಬ ಹೆಸರುಗಳೇ ಅಜ್ಟೆಕರ ನಾವಾತ್ಲ್ ಭಾಷೆಯಿಂದ ಸವೆದು ಬಂದವು. ಸೀತಾಫಲಕ್ಕೆ ನಾವು ಸೀತಾದೇವಿಯ ಹೆಸರನ್ನೇ ಕೊಟ್ಟು ಮನೆಮಗಳನ್ನಾಗಿ ಮಾಡಿಕೊಂಡಿದ್ದೇವೆ, ಅದೂ ಅಲ್ಲಿಯದೇ.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಮೆಣಸಿನಕಾಯಿಯ ಕತೆ. ಮೆಣಸು ಎಂದರೆ ನಮ್ಮ ಘಟ್ಟದ ಬಳ್ಳಿಯ ಕಾಳು. ಹೊಸ ಕಾಯಿ ಬಂದಾಗ ಅದರ ಖಾರವನ್ನು ಹೇಳಲು ಬೇರೆ ಮಾತಿಲ್ಲದೆ ‘ಮೆಣಸಿನ ಕಾಯಿ’ ಎಂದರು. ಆಮೇಲೆ ಅತಿಥಿ ಮನೆಯನ್ನು ಎಷ್ಟು ಆಕ್ರಮಿಸಿದನೆಂದರೆ ಯಜಮಾನನೇ ‘ಕಾಳುಮೆಣಸು’, ‘ಕರಿಮೆಣಸು’ ಎಂದು ವಿಶೇಷಣ ಹಚ್ಚಿಕೊಂಡು ತನ್ನ ಗುರುತು ಹೇಳಿಕೊಳ್ಳಬೇಕಾಯಿತು. ಇಂದು ಬ್ಯಾಡಗಿಯ ಮೆಣಸಿನಕಾಯಿಗೆ ಊರಿನ ಹೆಸರಿನ ಕಾಯಿದೆಯ ರಕ್ಷಣೆ ಉಂಟು. ನ್ಯಾಯವೇ, ಬ್ಯಾಡಗಿಯ ರೈತರು ಅದನ್ನು ತಮ್ಮ ಬೆವರಿನಿಂದ ತಮ್ಮದು ಮಾಡಿಕೊಂಡರು. ಆದರೂ ಆ ಕಾಗದಪತ್ರದಲ್ಲಿ ಅದರ ತವರುಮನೆಗೆ ಸಾಲೊಂದು ಇದ್ದಿದ್ದರೆ ಚೆನ್ನಾಗಿತ್ತು ಎನಿಸುತ್ತದೆ.

ಇದೇ ಪಿರಿಯಾಪಟ್ಟಣದ ಸುತ್ತಿನ ಚಂಗಾಳ್ವರ ನಾಡಿನಲ್ಲಿ, ಹದಿನಾರನೆಯ ಶತಮಾನದ ಮೊದಲ ವರ್ಷಗಳಲ್ಲಿ, ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನೆಂಬ ಜೈನ ಕವಿ ‘ಸೂಪಶಾಸ್ತ್ರ’ವೆಂಬ ಅಡಿಗೆಯ ಗ್ರಂಥವನ್ನು ಬರೆದ. ಅದು ಅಪ್ಪಟ ಶಾಕಾಹಾರದ ಪುಸ್ತಕ. ಬದನೆಯುಂಟು, ಬಾಳೆಯುಂಟು, ಹಲಸುಂಟು. ಮೆಣಸಿನಕಾಯಿ ಇಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು ೧೫೧೦ರಲ್ಲಿ. ಆ ಹಡಗುಗಳ ದಾರಿಯಲ್ಲಿ ಹೊಸ ಗಿಡಗಳು ನಮ್ಮ ಕಡೆಗೆ ಬಂದದ್ದು ಅದರಿಂದೀಚೆಗೆ. ಆದರೆ ಮಂಗರಸನ ಅಡಿಗೆಮನೆಯಲ್ಲಿ ಓವನ್ ಇರಲಿಲ್ಲವೆಂದು ಯಾರೂ ಮರುಗಬೇಕಾಗಿಲ್ಲ. ಅವನು ಹೇಳುವ ಮುಚ್ಚಳ ರೊಟ್ಟಿಯನ್ನು ಎರಡು ತಟ್ಟೆಗಳ ನಡುವೆ ಇಟ್ಟು, ಕೆಳಗೂ ಕೆಂಡ, ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ಬೇಕರಿ ಎಂಬ ಮಾತು ಬರುವುದಕ್ಕೆ ಎಷ್ಟೋ ಮುಂಚೆಯೇ ಈ ಸೀಮೆಗೆ ಆ ವಿದ್ಯೆ ಗೊತ್ತಿತ್ತು.

ಮಂಗರಸನ ಕಾಲದ ಅಡಿಗೆಯ ನೆರಳು ಇನ್ನೂ ಉಳಿದಿರುವ ಸ್ಥಳ ಒಂದುಂಟು: ಶ್ರಾದ್ಧದ ದಿನದ ಒಲೆ. ನಮ್ಮ ಕಡೆಯ ಬಹಳ ಮನೆಗಳಲ್ಲಿ ಅಂದು ಮೆಣಸಿನಕಾಯಿ ಕೂಡದು, ಕಾಳುಮೆಣಸೇ ಆಗಬೇಕು. ಟೊಮೇಟೊ ಕೂಡದು, ಹುರುಳಿಕಾಯಿ ಕೂಡದು, ಆಲೂಗಡ್ಡೆ ಕೂಡದು. ಕಾರಣ ಕೇಳಿದರೆ ‘ನಡೆದುಬಂದದ್ದು’ ಎನ್ನುತ್ತಾರೆ. ಪಿತೃಗಳು ತಿಂದು ಅರಿಯದ ಪದಾರ್ಥವನ್ನು ಅವರಿಗೆ ಬಡಿಸುವುದು ಬೇಡ ಎಂಬ ಭಾವನೆ ಅದರೊಳಗೆ ಇದ್ದಂತೆ ನನಗೆ ತೋರುತ್ತದೆ. ನೋಡಿ, ಆಚಾರದ ಪುಸ್ತಕ ತನಗೆ ತಿಳಿಯದೆಯೇ ಋಣದ ಲೆಕ್ಕವನ್ನೂ ಇಟ್ಟುಬಿಟ್ಟಿದೆ! ಮನೆಗೆ ಯಾರು ಆಮೇಲೆ ಬಂದವರು ಎಂಬುದು ವರ್ಷಕ್ಕೊಮ್ಮೆಯಾದರೂ ಅದಕ್ಕೆ ನೆನಪಾಗುತ್ತದೆ. ಆದರೆ ನೆನೆಯುವುದು ಹೊರಗಿಡುವುದಕ್ಕಾಗಿ. ಅದೇ ದಿನ ತರ್ಪಣದಲ್ಲಿ ಬ್ರಹ್ಮನಿಂದ ಹುಲ್ಲುಕಡ್ಡಿಯವರೆಗೆ ಸಕಲರಿಗೂ ನೀರು ಬಿಡುತ್ತೇವೆ, ಬಂಧುಗಳಿಲ್ಲದೆ ಸತ್ತವರಿಗೂ ಬಿಡುತ್ತೇವೆ. ಆ ಸಕಲರಲ್ಲಿ ಜೋಳವನ್ನು ಸಾಕಿದವರು ಸೇರಿದರೆ ನಮ್ಮ ಬೊಗಸೆಯ ನೀರೇನೂ ಕಡಿಮೆಯಾಗದು.

ಮೈಸೂರಿನ ನನ್ನ ವಕೀಲ ಮಿತ್ರರೊಬ್ಬರು ಇದನ್ನು ಕೇಳಿ, “ಸ್ವಾಮಿ, ಸಾಲಕ್ಕೂ ಕಾಲಮಿತಿ ಉಂಟು, ಸಾಮಾನ್ಯವಾಗಿ ಮೂರು ವರ್ಷ. ನೀವು ಐನೂರು ವರ್ಷದ ಪತ್ರ ತಂದಿದ್ದೀರಿ” ಎಂದರು. ಅವರ ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಗಿಡ ಯಾರ ಸೊತ್ತು? ಭೂಮಿ ಬೆಳೆಯಿತು, ಹಕ್ಕಿಯೋ ಹಡಗೋ ಹೊತ್ತು ತಂದಿತು. ಗಾಳಿಗೂ ಮಳೆಗೂ ಯಾರಿಗೆ ಋಣ?

ಕಾಡಿನ ನೇರಳೆಹಣ್ಣಿನ ವಿಷಯದಲ್ಲಿ ಈ ಮಾತು ಸಲ್ಲಬಹುದು. ಮುಸುಕಿನ ಜೋಳದ ವಿಷಯದಲ್ಲಿ ಸಲ್ಲದು. ಅದಕ್ಕೆ ಸಾಕ್ಷಿ ನಮ್ಮ ಕನ್ನಡದ ಹೆಸರೇ. ಆ ಮುಸುಕು ಏತಕ್ಕೆ? ಕಾಡಿನ ಹುಲ್ಲು ತನ್ನ ಬೀಜವನ್ನು ತಾನೇ ಉದುರಿಸಿ ವಂಶ ಬೆಳೆಸುತ್ತದೆ. ಮುಸುಕಿನ ಜೋಳಕ್ಕೆ ಅದು ಬಾರದು. ತೆನೆಯನ್ನು ಹಾಗೆಯೇ ನೆಲಕ್ಕೆ ಬಿಟ್ಟರೆ ಮುಸುಕಿನೊಳಗೆ ನೂರಾರು ಕಾಳು ಒಟ್ಟಿಗೆ ಮೊಳೆತು, ಒಂದನ್ನೊಂದು ಉಸಿರುಕಟ್ಟಿಸಿ ಸಾಯುತ್ತವೆ. ಮನುಷ್ಯನ ಕೈ ಮುಸುಕನ್ನು ಸುಲಿದು, ಕಾಳು ಬಿಡಿಸಿ, ನೆಲದಲ್ಲಿ ಊರಿದರೆ ಮಾತ್ರ ಅದಕ್ಕೆ ಮುಂದಿನ ಜನ್ಮ. ಮೆಕ್ಸಿಕೋದ ನೈಋತ್ಯದಲ್ಲಿ ಬಾಲ್ಸಾಸ್ ನದಿಯ ಕಣಿವೆಯಲ್ಲಿ, ಸುಮಾರು ೯೦೦೦ ವರ್ಷಗಳ ಹಿಂದೆ, ತೆಯೊಸಿಂಟೆ ಎಂಬ ಕಾಡುಹುಲ್ಲನ್ನು ಅಲ್ಲಿನ ಜನ ಆರಿಸಿ ಆರಿಸಿ ಬಿತ್ತಿ ಈ ಗಿಡವನ್ನು ಮಾಡಿದರು. ಆ ಹುಲ್ಲಿನ ತೆನೆಯಲ್ಲಿ ಇರುವುದು ಹತ್ತು ಹನ್ನೆರಡು ಕಾಳು, ಒಂದೊಂದೂ ಕಲ್ಲಿನಂಥ ಚಿಪ್ಪಿನೊಳಗೆ. ಅದು ಇಂದಿನ ತೆನೆಯಾಗುವುದಕ್ಕೆ ಎಷ್ಟು ತಲೆಮಾರಿನ ಕಣ್ಣು, ಎಷ್ಟು ಹೆಂಗಸರ ಬೆರಳು ಬೇಕಾಯಿತೋ! ಇದು ಪ್ರಕೃತಿಯ ದಾನವಲ್ಲ, ಮನುಷ್ಯರ ಕೃತಿ. ಕೃತಿಗೆ ಕರ್ತೃಗಳಿದ್ದಾರೆ.

ಆ ಕರ್ತೃಗಳು ಗಿಡದ ಜೊತೆಗೆ ಇನ್ನೊಂದನ್ನೂ ಕಂಡುಹಿಡಿದಿದ್ದರು. ಒಣಗಿದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ಅದರಲ್ಲಿಯೇ ಬಿಟ್ಟು, ಬೆಳಿಗ್ಗೆ ತೊಳೆದು ಅರೆಯುವುದು. ಸಿಪ್ಪೆ ಕಳಚುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ, ರೊಟ್ಟಿ ಮಡಿಸಿದರೂ ಮುರಿಯುವುದಿಲ್ಲ. ಅದಕ್ಕಿಂತ ದೊಡ್ಡ ಉಪಕಾರ ಕಣ್ಣಿಗೆ ಕಾಣದ್ದು. ಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವ ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ. ಸುಣ್ಣ ಆ ಕಟ್ಟನ್ನು ಬಿಚ್ಚಿ ದೇಹಕ್ಕೆ ಒದಗಿಸುತ್ತದೆ. ಸ್ಪೇನಿನವರು ಜೋಳವನ್ನು ಯೂರೋಪಿಗೆ ಒಯ್ದರು. ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. ಅದು ಕಾಡುಜನರ ಹೆಂಗಸರ ಕೆಲಸ, ಅದರಲ್ಲಿ ಕಲಿಯುವುದೇನು ಎಂಬ ತಾತ್ಸಾರ. ಜೋಳವೊಂದನ್ನೇ ತಿಂದು ಬದುಕಬೇಕಾದ ಬಡವರಿಗೆ ಚರ್ಮ ಸುಲಿದು, ಭೇದಿಯಾಗಿ, ಕೊನೆಗೆ ಬುದ್ಧಿ ಕೆಡುವ ಒಂದು ರೋಗ ಬಂತು. ೧೭೩೫ರಲ್ಲಿ ಸ್ಪೇನಿನ ವೈದ್ಯ ಗಾಸ್ಪಾರ್ ಕಾಸಾಲ್ ಅದನ್ನು ಗುರುತಿಸಿದ. ಇಟಲಿಯವರು ಪೆಲ್ಲಾಗ್ರ ಎಂದು ಕರೆದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಅದರಿಂದ ಸಹಸ್ರಾರು ಜನ ಸತ್ತರು. ಇದು ಸೋಂಕಲ್ಲ, ಆಹಾರದ ದೋಷ ಎಂದು ಡಾ. ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟರು. ೧೯೩೭ರಲ್ಲಿ ಎಲ್ವೇಹೆಮ್ ಎಂಬ ವಿಜ್ಞಾನಿ ಅದರ ಮದ್ದು ನಯಾಸಿನ್ ಎಂದು ಕಂಡರು. ಅಷ್ಟು ಕಾಲವೂ ಪಕ್ಕದ ಮೆಕ್ಸಿಕೋದಲ್ಲಿ ಜೋಳವೇ ಪ್ರಧಾನ ಆಹಾರವಾಗಿದ್ದ ಹಳ್ಳಿಗರು ಸುಣ್ಣದ ಮಡಕೆಯ ಪುಣ್ಯದಿಂದ ಈ ರೋಗವನ್ನು ಬಹುಮಟ್ಟಿಗೆ ಅರಿಯದೆ ಇದ್ದರು.

ಅಕ್ಕನ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನ್ನ ಭಾವನೆ. ಮಾಂಸವನ್ನು ತೆಗೆದದ್ದು ಮೋಸವಲ್ಲ. ಸುಣ್ಣವನ್ನು ತೆಗೆದದ್ದು ಮೋಸ. ವ್ರತದಿಂದ ಬಿಡುವುದು ಬೇರೆ, ಉದಾಸೀನದಿಂದ ಮರೆಯುವುದು ಬೇರೆ. ಊಟಕ್ಕೆ ಕರೆದವರ ಮನೆಯಲ್ಲಿ ‘ಇದು ನನಗೆ ಬೇಡಿ’ ಎಂದು ಕೈ ಅಡ್ಡ ಹಿಡಿದವನಿಂದ ಗೃಹಸ್ಥನಿಗೆ ಅವಮಾನವಾಗುವುದಿಲ್ಲ. ಹೊಟ್ಟೆ ತುಂಬ ಉಂಡು, ಅಂಗಳಕ್ಕೆ ಇಳಿದು, ‘ಅಂದಹಾಗೆ ಇದು ಯಾರ ಮನೆ?’ ಎಂದು ಕೇಳಿದರೆ ಆಗುತ್ತದೆ. ಆ ಮರೆವಿಗೆ ಮೇಲಿನ ಸಾವುಗಳು ಸಾಕ್ಷಿ. ಬೇಳೆ, ಸೊಪ್ಪು, ಮೊಸರು ಉಣ್ಣುವವನಿಗೆ ಸುಣ್ಣವಿಲ್ಲದ ಜೋಳದಿಂದ ರೋಗ ಬಾರದು ನಿಜ; ಹಾಗೆಂದು ಋಣ ಹರಿಯಿತೆನ್ನಲಾಗದು.

ವಿದ್ಯೆ ಏಕೆ ಜೊತೆಗೆ ಬರಲಿಲ್ಲ ಎಂಬುದಕ್ಕೆ ಕಟ್ಟೆಮಳಲವಾಡಿಯಲ್ಲಿ ನಿಂತು ನೋಡಿದರೆ ಒಳ್ಳೆಯ ಸಮಾಧಾನ ಸಿಕ್ಕುತ್ತದೆ. ಹೊಗೆಸೊಪ್ಪೂ ಅಮೆರಿಕ ಖಂಡದ ಗಿಡವೇ. ಅದು ವರ್ಜೀನಿಯ ತಳಿಯಾಗಿ ಈ ಸೀಮೆಗೆ ಬಂದಾಗ ಬರಿಯ ಬೀಜವಾಗಿ ಬರಲಿಲ್ಲ. ಬೇಯಿಸುವ ಬ್ಯಾರನ್ನು, ಉಷ್ಣಮಾಪಕ, ದರ್ಜೆ ವಿಂಗಡಿಸುವ ಕ್ರಮ ಎಲ್ಲವೂ ಸಂಸಾರಸಮೇತ ಬಂದುವು. ಹೊಗೆ ಎಲೆಗೆ ತಗಲದಂತೆ ಕೊಳವೆಯಲ್ಲಿ ಬಿಸಿ ಹಾಯಿಸಿ, ಸುಮಾರು ೯೫ ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಎಲೆ ಹಳದಿಗೆ ತಿರುಗುವುದನ್ನು ಕಾದು, ಮೆಲ್ಲಗೆ ೧೬೦ರ ಆಸುಪಾಸಿಗೆ ಏರಿಸಿ ನರ ಒಣಗಿಸುವುದು. ಐದಾರು ದಿನ, ಹಗಲೂ ರಾತ್ರಿಯೂ, ಒಲೆಯ ಬಾಯಲ್ಲಿ ಕುಳಿತು. ಓದುಬರಹ ಬಾರದ ರೈತನಿಗೂ ಈ ಡಿಗ್ರಿಗಳ ಲೆಕ್ಕ ಬಾಯಿಪಾಠ. ೧೯೭೬ರಲ್ಲಿ ಇದಕ್ಕೆಂದೇ ತಂಬಾಕು ಮಂಡಳಿಯೂ ಆಯಿತು. ಎಲೆಯ ಬಣ್ಣ ಸ್ವಲ್ಪ ಕೆಟ್ಟರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಆದ್ದರಿಂದ ಕಲಿಸುವವರೂ ಇದ್ದರು, ಕಲಿಯುವವರೂ ಇದ್ದರು. ಮುಸುಕಿನ ಜೋಳ ಬಡವನ ಹಿಟ್ಟಾಗಿ, ಈಗ ಬಹುಮಟ್ಟಿಗೆ ಕೋಳಿಯ ಮೇವಾಗಿ ಹೋಗುವ ಬೆಳೆ. ಅದರ ವಿದ್ಯೆಗೆ ಯಾರು ಸಾಗಣೆ ಕೂಲಿ ಕೊಟ್ಟಾರು? ಸುಡುವ ಎಲೆಯ ವಿದ್ಯೆ ಬಂತು, ಉಣ್ಣುವ ಕಾಳಿನ ವಿದ್ಯೆ ಹಿಂದೆ ಉಳಿಯಿತು.

ಅಂದು ಮೊದಲು ಹುಡುಗಿ ಹುಣಸೂರಿನ ಗಿರಣಿಯಿಂದ ಬೀಸಿ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದಳು. ಕಾವಲಿಯ ಮೇಲೆ ಅವು ಬಿರಿದು, ಎತ್ತಿದರೆ ಚೂರಾದುವು. ಟೆಕ್ಸಾಸಿನಲ್ಲಿ ಚೀಲದಲ್ಲಿ ಸಿಕ್ಕುವ ಹಿಟ್ಟು ಸುಣ್ಣದಲ್ಲಿ ಬೆಂದದ್ದು. ಅದನ್ನು ಬೆರಳಿಗೆ ಗೊತ್ತಾಗುವಂತೆ ಅವಳಿಗೆ ಕಲಿಸಿದ್ದು ಹುಣಸೂರಿನ ಹಿಟ್ಟು. “ಸುಣ್ಣ ಬೇಕಲ್ಲ ಅಜ್ಜಿ” ಎಂದಳು. ಅಕ್ಕ ಎದ್ದು ಎಲೆ ಅಡಿಕೆಯ ತಟ್ಟೆಯನ್ನು ತಂದಿಟ್ಟಳು. ತಿನ್ನುವ ಸುಣ್ಣ ನಮ್ಮ ಮನೆಗಳಲ್ಲಿ ನೂರಾರು ವರ್ಷಗಳಿಂದ ಊಟವಾದ ಮೇಲಿನ ತಾಂಬೂಲಕ್ಕಾಗಿ ಕಾದು ಕುಳಿತಿದೆ. ಊಟದೊಳಗೆ ಅದಕ್ಕೆ ಕೆಲಸವುಂಟೆಂದು ಯಾರೂ ಹೇಳಿರಲಿಲ್ಲ.

ಮಾಡಿನೋಡುವವರಿಗೆ ಕ್ರಮವನ್ನು ಹೇಳಿಬಿಡುತ್ತೇನೆ. ಒಂದು ಕಿಲೋ ಒಣಕಾಳಿಗೆ ಮೂರು ಲೀಟರ್ ನೀರು, ಸುಮಾರು ಹತ್ತು ಗ್ರಾಂ ಸುಣ್ಣ. ಗೋಡೆಗೆ ಬಳಿಯುವ ಸುಣ್ಣವಲ್ಲ, ಎಲೆಗೆ ಹಚ್ಚುವ ಶುದ್ಧವಾದದ್ದು. ಅಲ್ಯೂಮಿನಿಯಂ ಪಾತ್ರೆ ಕೂಡದು, ಸುಣ್ಣ ಅದನ್ನು ತಿನ್ನುತ್ತದೆ. ಸಿಪ್ಪೆ ಬೆರಳಿಗೆ ಜಾರುವವರೆಗೆ, ಎಂದರೆ ಮುಕ್ಕಾಲು ಗಂಟೆ, ಬೇಯಿಸಿ ರಾತ್ರಿಯಿಡೀ ಮುಚ್ಚಿಡಬೇಕು. ಬೆಳಿಗ್ಗೆ ಹಳದಿ ನೀರನ್ನು ಚೆಲ್ಲಿ, ಮೂರು ನಾಲ್ಕು ಸಲ ತೊಳೆದು, ಆದಷ್ಟು ಕಡಿಮೆ ನೀರಿನಲ್ಲಿ ಅರೆಯಬೇಕು. ರುಬ್ಬುವ ಗುಂಡುಕಲ್ಲಿಗಿಂತ ಚಟ್ನಿ ಅರೆಯುವ ಚಪ್ಪಟೆ ಕಲ್ಲೇ ಲೇಸು. ಮೆಕ್ಸಿಕೋದವರ ಕಲ್ಲೂ ಹಾಗೆಯೇ ಇರುತ್ತದೆ. ಅಲ್ಲಿನ ಹೆಂಗಸರು ಅದರ ಮುಂದೆ ಮಂಡಿಯೂರಿ ದಿನಕ್ಕೆ ಗಂಟೆಗಟ್ಟಲೆ ಅರೆಯುತ್ತಿದ್ದರೆಂಬುದನ್ನು, ವಿದ್ಯೆಯನ್ನು ಹೊಗಳುವಾಗ ಮರೆಯಬಾರದು. ಬಾಳೆಲೆಯ ಮೇಲೆ ತಟ್ಟಿ ಕಾವಲಿಯಲ್ಲಿ ಸುಟ್ಟರೆ ರೊಟ್ಟಿ ಸಿದ್ಧ. ಅಕ್ಕನ ಮನೆಯಲ್ಲಿ ಓವನ್ ಇಲ್ಲ. ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಅದರ ಮೇಲೆ ಪದರ ಹಾಸಿದ ತಟ್ಟೆಯನ್ನಿಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದರು. ಅರ್ಧ ಗಂಟೆಗೆ ಬೆಂದಿತು. ಮಂಗರಸನಿಗೆ ಒಲೆ ಗುರುತು ಸಿಕ್ಕುತ್ತಿತ್ತು, ಒಳಗಿನ ಒಂದು ಪದಾರ್ಥವೂ ಸಿಕ್ಕುತ್ತಿರಲಿಲ್ಲ.

ಚೀಸಿನ ವಿಷಯ ಒ‍ಂದು ಮಾತು. ಹಾಲನ್ನು ಒಡೆಯಲು ಕೆಲವು ಕಡೆ ಎಳೆಗರುವಿನ ಹೊಟ್ಟೆಯಿಂದ ತೆಗೆದ ದ್ರವ್ಯವನ್ನು ಬಳಸುತ್ತಾರೆ. ಸೂಕ್ಷ್ಮಜೀವಿಗಳಿಂದ ತೆಗೆದ ಬೇರೆ ದ್ರವ್ಯವೂ ಉಂಟು, ಹಸಿರು ಚುಕ್ಕೆಯ ಪೊಟ್ಟಣ ನೋಡಿಕೊಂಡರಾಯಿತು. ಮಾಂಸವಿಲ್ಲವೆಂದು ಹೆಮ್ಮೆಪಡುವವರು ಮಾಂಸ ಎಲ್ಲಿ ಅಡಗಿದೆ ಎಂದೂ ಕೇಳಬೇಕಾಗುತ್ತದೆ. ಅಕ್ಕ ಮಾತ್ರ ತನ್ನ ಪಾಲಿಗೆ ಚೀಸನ್ನು ಬಿಟ್ಟು ಬೆಣ್ಣೆ ಹಾಕಿಸಿಕೊಂಡಳು.

ಈ ಲೆಕ್ಕವನ್ನು ಎಲ್ಲಿಯವರೆಗೆ ಹಿಂದಕ್ಕೆ ಎಣಿಸುತ್ತ ಹೋಗುವುದು ಎಂದು ವಕೀಲರು ಕೇಳಿದ್ದರು. ಹುಣಸೂರು, ಕೋಟೆ, ಪಿರಿಯಾಪಟ್ಟಣಗಳ ಮಣ್ಣಿನ ಮಗನೆಂದೇ ನಾವು ತಿಳಿದಿರುವ ರಾಗಿಯೂ ಹೊರಗಿನಿಂದ ಬಂದದ್ದೇ. ಪೂರ್ವ ಆಫ್ರಿಕದ ಎತ್ತರದ ನೆಲದಿಂದ, ಸಾವಿರಾರು ವರ್ಷಗಳ ಹಿಂದೆ. ಉಗಾಂಡದ ಹಳ್ಳಿಗಳಲ್ಲಿ ಅದನ್ನು ಮೊಳೆಯಿಸಿ, ಒಣಗಿಸಿ, ಹಿಟ್ಟು ಮಾಡಿ ಹುದುಗಿಸಿದ ಪಾನೀಯವನ್ನು ನೆಂಟರ ಮುಂದೆ ಇಡುತ್ತಾರೆ. ನಮ್ಮಲ್ಲಿಯೂ ರಾಗಿಯನ್ನು ಮೊಳೆಯಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ಬಟ್ಟೆಯಲ್ಲಿ ಸೋಸಿ, ಹಲ್ಲು ಬರದ ಮಗುವಿಗೆ ಕುಡಿಸುತ್ತಾರೆ. ಕಟ್ಟೆಮಳಲವಾಡಿಯ ಮನೆಗಳಲ್ಲಿ ಆ ಹಿಟ್ಟಿನ ಡಬ್ಬ ಇಂದಿಗೂ ಮೇಲಿನ ಹಲಗೆಯ ಮೇಲೆ, ಮೆಣಸಿನಕಾಯಿಯ ಡಬ್ಬಕ್ಕೆ ದೂರವಾಗಿ, ಬೇರೆಯೇ ಇರುತ್ತದೆ.